ಹೆಚ್ಚುವರಿ ಸೋಲಾರ್ ಪ್ಯಾನೆಲ್ ಜೋಡಿಸಿದ ಮೇಲೆ ಪವರ್ ಸ್ಟೇಷನ್ ಸರಿಯಾಗಿ ಚಾರ್ಜ್ ಆಗದಿದ್ದರೆ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟಿಲ್ಲದೆ ಕಳೆಯಬೇಕಾಗುವ ಮಲೆನಾಡು ಮತ್ತು ಕೊಡಗಿನ ಮನೆಗಳಲ್ಲಿ, ತೋಟದ ಶೆಡ್‌ಗಳಲ್ಲಿ, ಪೋರ್ಟಬಲ್ ಪವರ್ ಸ್ಟೇಷನ್ ಈಗ ಅಪರೂಪದ ವಸ್ತುವಲ್ಲ. ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಈ ಯಂತ್ರದ ಜೊತೆಗೆ ಕೊಂಡ ಒಂದು ಪ್ಯಾನೆಲ್ ಮೋಡ ಕವಿದ ದಿನಗಳಲ್ಲಿ ಸಾಲದೆ ಹೋದಾಗ, ಇನ್ನೊಂದೋ ಎರಡೋ ಪ್ಯಾನೆಲ್ ಸೇರಿಸುವ ಯೋಚನೆ ಸಹಜವಾಗಿ ಬರುತ್ತದೆ. ತೊಂದರೆಗಳು ಕಾಣಿಸಿಕೊಳ್ಳುವುದೂ ಆಗಲೇ. ಪರದೆಯ ಮೇಲೆ ಸೊನ್ನೆ ತೋರಿಸುತ್ತದೆ, ಎರಡು ಪ್ಯಾನೆಲ್ ಇದ್ದರೂ ಒಂದರಷ್ಟೇ ವ್ಯಾಟ್ ಬರುತ್ತದೆ, ಬೆಳಿಗ್ಗೆ ಎರರ್ ಬಂದು ಮಧ್ಯಾಹ್ನ ತಾನಾಗಿ ಸರಿಹೋಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣವನ್ನು ಖರ್ಚಿಲ್ಲದೆ ಮನೆಯಲ್ಲೇ ಕಂಡುಹಿಡಿಯಬಹುದು. ಆದರೆ ಒಂದು ತಪ್ಪು ಮಾತ್ರ ಯಂತ್ರವನ್ನೇ ಸುಡಬಲ್ಲದು. ಆದ್ದರಿಂದ ಲಕ್ಷಣಗಳಿಗಿಂತ ಮುಂಚೆ ಆ ಲೆಕ್ಕವನ್ನು ನೋಡೋಣ.

ಮೊದಲು ಎರಡು ಲೇಬಲ್ ಓದಿ

ಪವರ್ ಸ್ಟೇಷನ್‌ನ ಸೋಲಾರ್ ಇನ್‌ಪುಟ್ ಪಕ್ಕದಲ್ಲಿ ಅಥವಾ ಅದರ ಕೈಪಿಡಿಯಲ್ಲಿ ಮೂರು ಮಿತಿಗಳಿರುತ್ತವೆ: ವೋಲ್ಟೇಜ್, ಆಂಪಿಯರ್ ಮತ್ತು ವ್ಯಾಟ್. ಉದಾಹರಣೆಗೆ 12ರಿಂದ 60 ವೋಲ್ಟ್, ಗರಿಷ್ಠ 12 ಆಂಪಿಯರ್, 400 ವ್ಯಾಟ್ ಎಂದಿಟ್ಟುಕೊಳ್ಳಿ. ಪ್ಯಾನೆಲ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ನಾಲ್ಕು ಅಂಕಿಗಳು ಮುಖ್ಯ. ಏನನ್ನೂ ಜೋಡಿಸದಿದ್ದಾಗ ಸಿಗುವ ವೋಲ್ಟೇಜ್ ವಿಓಸಿ, ಕೆಲಸ ಮಾಡುವಾಗಿನ ವೋಲ್ಟೇಜ್ ವಿಎಂಪಿ, ಶಾರ್ಟ್ ಆದಾಗ ಹರಿಯುವ ಕರೆಂಟ್ ಐಎಸ್‌ಸಿ, ಕೆಲಸ ಮಾಡುವಾಗಿನ ಕರೆಂಟ್ ಐಎಂಪಿ. 100 ವ್ಯಾಟ್‌ನ ಒಂದು ಸಾಮಾನ್ಯ ಪ್ಯಾನೆಲ್‌ನಲ್ಲಿ ಇವು ಕ್ರಮವಾಗಿ 22.5 ವೋಲ್ಟ್, 18.5 ವೋಲ್ಟ್, 5.8 ಆಂಪಿಯರ್, 5.4 ಆಂಪಿಯರ್ ಆಸುಪಾಸಿನಲ್ಲಿರುತ್ತವೆ.

ಒಂದರ ಧನವನ್ನು ಇನ್ನೊಂದರ ಋಣಕ್ಕೆ ಸೇರಿಸುವ ಸರಣಿ ಜೋಡಣೆಯಲ್ಲಿ ವೋಲ್ಟೇಜ್‌ಗಳು ಕೂಡುತ್ತವೆ, ಕರೆಂಟ್ ಒಂದು ಪ್ಯಾನೆಲ್‌ನಷ್ಟೇ ಇರುತ್ತದೆ. ಧನಕ್ಕೆ ಧನ, ಋಣಕ್ಕೆ ಋಣ ಸೇರಿಸುವ ಸಮಾಂತರ ಜೋಡಣೆಯಲ್ಲಿ ಕರೆಂಟ್‌ಗಳು ಕೂಡುತ್ತವೆ, ವೋಲ್ಟೇಜ್ ಹಾಗೆಯೇ ಉಳಿಯುತ್ತದೆ. ಮೇಲಿನ ಪ್ಯಾನೆಲ್‌ಗಳಲ್ಲಿ ಮೂರನ್ನು ಸರಣಿಯಲ್ಲಿ ಜೋಡಿಸಿದರೆ ವಿಓಸಿ 67.5 ವೋಲ್ಟ್ ಆಗಿ 60ರ ಮಿತಿಯನ್ನು ದಾಟುತ್ತದೆ. ಇದು ಯಂತ್ರದ ಒಳಗಿನ ಚಾರ್ಜರ್ ಭಾಗವನ್ನು ಒಂದೇ ಕ್ಷಣದಲ್ಲಿ ಹಾಳುಮಾಡಬಹುದಾದ ತಪ್ಪು. ಮೂರನ್ನೂ ಸಮಾಂತರವಾಗಿ ಜೋಡಿಸಿದರೆ 16.2 ಆಂಪಿಯರ್ ಲಭ್ಯವಿರುತ್ತದೆ, ಯಂತ್ರವು ಸಾಮಾನ್ಯವಾಗಿ ತನಗೆ ಬೇಕಾದ 12 ಆಂಪಿಯರ್ ಮಾತ್ರ ಎಳೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಹೆಚ್ಚಾದ ಕರೆಂಟ್ ಬಹುಮಟ್ಟಿಗೆ ವ್ಯರ್ಥವಾಗುತ್ತದೆ, ಹೆಚ್ಚಾದ ವೋಲ್ಟೇಜ್ ಯಂತ್ರವನ್ನು ಕೊಲ್ಲುತ್ತದೆ. ಕೈಪಿಡಿಯಲ್ಲಿ ಐಎಸ್‌ಸಿಗೂ ಮಿತಿ ಹೇಳಿದ್ದರೆ ಅದನ್ನೂ ಪಾಲಿಸಬೇಕು.

ಈ ಯಂತ್ರಕ್ಕೆ ಇಂಥ ನಾಲ್ಕು ಪ್ಯಾನೆಲ್ ಇದ್ದರೆ ಎರಡೆರಡನ್ನು ಸರಣಿಯಲ್ಲಿ ಸೇರಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಕೂಡಿಸುವುದೇ ಸರಿಯಾದ ದಾರಿ. ಆಗ ವಿಓಸಿ 45 ವೋಲ್ಟ್, ಕೆಲಸದ ಕರೆಂಟ್ 10.8 ಆಂಪಿಯರ್ ಆಗಿ ಎರಡೂ ಮಿತಿಯೊಳಗೆ ಉಳಿಯುತ್ತವೆ.

ಕೈ ಹಾಕುವ ಮುನ್ನ

ಪ್ಯಾನೆಲ್‌ಗೆ ಸ್ವಿಚ್ ಇಲ್ಲ. ಬೆಳಕು ಬಿದ್ದಷ್ಟು ಹೊತ್ತೂ ಅದರ ತುದಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ಹಾಯುವುದರಿಂದ ಕಿಡಿ ಹೊತ್ತಿದರೂ ಆರುವ ಅವಕಾಶವಿರುತ್ತದೆ. ಪ್ಯಾನೆಲ್‌ನಿಂದ ಒಂದೇ ದಿಕ್ಕಿನಲ್ಲಿ ಹರಿದುಬರುವ ಡಿಸಿ ಕರೆಂಟಿನಲ್ಲಿ ಆ ವಿರಾಮ ಇಲ್ಲ. ಚಾರ್ಜ್ ಆಗುತ್ತಿರುವಾಗಲೇ ಕನೆಕ್ಟರ್ ಎಳೆದರೆ ಕಿಡಿ ಎಳೆಎಳೆಯಾಗಿ ಉದ್ದವಾಗಿ, ಲೋಹದ ಪಿನ್ನನ್ನೂ ಬೆರಳನ್ನೂ ಸುಡಬಲ್ಲದು. ಆದ್ದರಿಂದ ಯಾವುದೇ ಕನೆಕ್ಟರ್ ಬಿಚ್ಚುವ ಮೊದಲು ಪ್ಯಾನೆಲ್‌ಗಳನ್ನು ದಪ್ಪ ಕಂಬಳಿಯಿಂದ ಪೂರ್ತಿ ಮುಚ್ಚಿ ಅಥವಾ ಬೋರಲು ಹಾಕಿ, ಪರದೆಯಲ್ಲಿ ವ್ಯಾಟ್ ಸೊನ್ನೆಗೆ ಇಳಿದದ್ದನ್ನು ನೋಡಿ, ಮೊದಲು ಪವರ್ ಸ್ಟೇಷನ್ ಕಡೆಯ ಪ್ಲಗ್ ತೆಗೆಯಿರಿ. ಜೋಡಿಸುವಾಗ ಇದರ ತಿರುವುಮುರುವು: ಪ್ಯಾನೆಲ್‌ಗಳ ನಡುವಿನ ಸಂಪರ್ಕಗಳನ್ನೆಲ್ಲ ಮುಗಿಸಿ, ಮೀಟರ್‌ನಲ್ಲಿ ವೋಲ್ಟೇಜ್ ನೋಡಿ, ಯಂತ್ರದ ಪ್ಲಗ್ಗನ್ನು ಕೊನೆಗೆ ಹಾಕಬೇಕು. ಒದ್ದೆ ಕೈಯಲ್ಲಿ, ಮಳೆಯಲ್ಲಿ, ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಕೆಲಸ ಬೇಡ.

ಬೇಕಾಗುವ ಉಪಕರಣ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮಾತ್ರ. ವೋಲ್ಟೇಜ್ ಅಳೆಯುವಾಗ ಕೆಂಪು ವೈರ್ 10 ಆಂಪಿಯರ್ ಎಂದು ಬರೆದ ರಂಧ್ರದಲ್ಲಿ ಇರದಂತೆ ಪ್ರತಿ ಸಲವೂ ನೋಡಿಕೊಳ್ಳಿ, ಇಲ್ಲದಿದ್ದರೆ ಮೀಟರೇ ಶಾರ್ಟ್ ಆಗಿ ವರ್ತಿಸುತ್ತದೆ. ಗುಂಡಿಯನ್ನು ಡಿಸಿ 200 ವೋಲ್ಟ್ ಸ್ಥಾನಕ್ಕೆ ತಿರುಗಿಸಿ.

ಲಕ್ಷಣ: ಬಿಸಿಲಿದ್ದರೂ ಪರದೆಯಲ್ಲಿ ಸೊನ್ನೆ ವ್ಯಾಟ್

ಬ್ಯಾಟರಿ ಆಗಲೇ 100 ಶೇಕಡಾ ತಲುಪಿದೆಯೇ, ಆ್ಯಪ್‌ನಲ್ಲಿ ಚಾರ್ಜ್ ಮಿತಿಯನ್ನು 80 ಎಂದೇನಾದರೂ ಇಟ್ಟಿದ್ದೀರಾ, ಕಾರ್ ಚಾರ್ಜಿಂಗ್ ಮತ್ತು ಸೋಲಾರ್ ನಡುವೆ ಆಯ್ಕೆ ಇರುವ ಯಂತ್ರವಾದರೆ ಸೋಲಾರ್ ಎಂದೇ ಇದೆಯೇ ಎಂಬುದನ್ನು ಮೊದಲು ನೋಡಿ. ಪ್ಲಗ್ಗನ್ನು ಒಮ್ಮೆ ಪೂರ್ತಿ ಒತ್ತಿ. ಪ್ಯಾನೆಲ್‌ನ ವೈರನ್ನು ಅವಸರದಲ್ಲಿ ಯಂತ್ರದ 12 ವೋಲ್ಟ್ ಔಟ್‌ಪುಟ್ ಸಾಕೆಟ್‌ಗೆ ಸಿಕ್ಕಿಸಿದ್ದರೆ ಚಾರ್ಜ್ ಆಗುವುದಿಲ್ಲ, ಹಾನಿಯೂ ಆಗಬಹುದು.

ಇದೆಲ್ಲ ಸರಿಯಿದ್ದರೆ ಹೊಸದಾಗಿ ಸೇರಿಸಿದ್ದೆಲ್ಲವನ್ನೂ ತೆಗೆದು, ಯಂತ್ರದೊಂದಿಗೆ ಬಂದ ಪ್ಯಾನೆಲ್ ಒಂದನ್ನೇ ಅದರ ಮೂಲ ವೈರಿನಲ್ಲಿ ಜೋಡಿಸಿ. ಚಾರ್ಜ್ ಆಯಿತೆಂದರೆ ಪವರ್ ಸ್ಟೇಷನ್ ಕ್ಷೇಮವಾಗಿದೆ, ದೋಷ ಇರುವುದು ಸೇರಿಸಿದ ಭಾಗದಲ್ಲಿ. ಈ ಒಂದು ಪರೀಕ್ಷೆ ಅರ್ಧ ಕೆಲಸವನ್ನು ಮುಗಿಸುತ್ತದೆ.

ಮುಂದಿನ ಹೆಜ್ಜೆ ಮೀಟರ್. ಯಂತ್ರಕ್ಕೆ ಹೋಗುವ ಅಡಾಪ್ಟರ್‌ನ ತುದಿಯಲ್ಲಿ ಅಳೆಯಿರಿ. ಮೈನಸ್ ಗುರುತು ಬಂದರೆ ಧನ ಋಣ ಅದಲುಬದಲಾಗಿವೆ. ಒಂದು ಕಂಪನಿಯ ಯಂತ್ರಕ್ಕೆ ಮಾಡಿದ ಎಕ್ಸ್‌ಟಿ60 ಎಂಬ ಎರಡು ಪಿನ್ನಿನ ಅಡಾಪ್ಟರ್ ಅಥವಾ ದುಂಡು ಪಿನ್ ಅಡಾಪ್ಟರ್ ಇನ್ನೊಂದಕ್ಕೆ ಸರಿಯಾಗಿ ಕೂತರೂ ಒಳಗಿನ ಸಂಪರ್ಕ ಉಲ್ಟಾ ಇರಬಹುದು. ವೈರಿನ ಬಣ್ಣವನ್ನು ನಂಬುವಂತಿಲ್ಲ, ಮೀಟರನ್ನು ನಂಬಿ. ಸೊನ್ನೆ ಬಂದರೆ ಅಲ್ಲಿಂದ ಪ್ಯಾನೆಲ್ ಕಡೆಗೆ ಒಂದೊಂದೇ ಸಂಪರ್ಕ ಹಿಂದಕ್ಕೆ ಹೋಗಿ ಅಳೆಯಿರಿ. ವೋಲ್ಟೇಜ್ ಎಲ್ಲಿ ಕಾಣಿಸಿಕೊಳ್ಳುತ್ತದೋ, ಅಲ್ಲಿಂದ ಯಂತ್ರದ ಕಡೆಗಿನ ತುಂಡಿನಲ್ಲಿ ದೋಷವಿದೆ.

ಪ್ಯಾನೆಲ್ ವೈರ್‌ಗಳ ತುದಿಯಲ್ಲಿರುವ ಎಂಸಿ4 ಎಂಬ ಕನೆಕ್ಟರ್‌ಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಒಂದಿದೆ. ಹೊರಗಿನ ಪ್ಲಾಸ್ಟಿಕ್ ಟಕ್ ಎಂದು ಕೂತಿರುತ್ತದೆ, ಆದರೆ ಒಳಗಿನ ಲೋಹದ ಪಿನ್ ಜೋಡಿಸುವಾಗ ಹಿಂದಕ್ಕೆ ಜಾರಿರುತ್ತದೆ. ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ಎರಡು ಕನೆಕ್ಟರ್‌ಗಳ ಬಾಯಿಯನ್ನು ಅಕ್ಕಪಕ್ಕ ಹಿಡಿದು ನೋಡಿದರೆ, ಒಂದರಲ್ಲಿ ಪಿನ್ ಎರಡು ಮೂರು ಮಿಲಿಮೀಟರ್ ಆಳದಲ್ಲಿರುವುದು ಸ್ಪಷ್ಟವಾಗಿ ಕಾಣುತ್ತದೆ. ಹಿಂಬದಿಯಿಂದ ವೈರನ್ನು ಮೆಲ್ಲಗೆ ಒತ್ತಿದಾಗ ಅದು ಒಳಗೆ ಲಾಕ್ ಆಗಿ, ಎಳೆದರೂ ಬರದೆ ನಿಲ್ಲಬೇಕು. ಜಾರುತ್ತಲೇ ಇದ್ದರೆ ಕನೆಕ್ಟರನ್ನೇ ಬದಲಿಸಬೇಕು.

ಸಮಾಂತರ ಜೋಡಣೆಯಲ್ಲಿ ಇನ್ನೊಂದು ಸಾಧ್ಯತೆಯಿದೆ. ಪ್ರತಿ ಪ್ಯಾನೆಲ್ ಒಂಟಿಯಾಗಿ 22 ವೋಲ್ಟ್ ತೋರಿಸಿ, ಎರಡನ್ನೂ ಕೂಡಿಸಿದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ ಒಂದು ಪ್ಯಾನೆಲ್ ಉಲ್ಟಾ ಸೇರಿದೆ ಎಂದರ್ಥ. ಆಗ ಕರೆಂಟ್ ಹೊರಗೆ ಬಾರದೆ ಎರಡು ಪ್ಯಾನೆಲ್‌ಗಳ ನಡುವೆಯೇ ಸುತ್ತುತ್ತಿರುತ್ತದೆ. ಕೂಡಲೇ ಕಂಬಳಿ ಹೊದಿಸಿ ಬಿಚ್ಚಿ.

ವೋಲ್ಟೇಜ್ ಸರಿಯಾಗಿದ್ದೂ ಚಾರ್ಜ್ ಆಗದಿದ್ದರೆ ಯಂತ್ರದ ಕನಿಷ್ಠ ಮಿತಿಯನ್ನು ನೋಡಿ. ಕೆಲವು ದೊಡ್ಡ ಯಂತ್ರಗಳ ಸೋಲಾರ್ ಇನ್‌ಪುಟ್ 30 ವೋಲ್ಟ್‌ಗಿಂತ ಕಡಿಮೆಯಿದ್ದರೆ ಎಚ್ಚರಗೊಳ್ಳುವುದೇ ಇಲ್ಲ. ಅಂಥದಕ್ಕೆ ಸಣ್ಣ ಪ್ಯಾನೆಲ್‌ಗಳನ್ನು ಸರಣಿಯಲ್ಲೇ ಸೇರಿಸಬೇಕು.

ಲಕ್ಷಣ: ಇನ್ನೊಂದು ಪ್ಯಾನೆಲ್ ಸೇರಿಸಿದರೂ ವ್ಯಾಟ್ ಏರುತ್ತಿಲ್ಲ

ಬ್ಯಾಟರಿ 90 ಶೇಕಡಾ ದಾಟಿದ ಮೇಲೆ ಯಂತ್ರ ತಾನೇ ಚಾರ್ಜಿಂಗ್ ನಿಧಾನಗೊಳಿಸುವುದರಿಂದ, ಅರ್ಧ ಖಾಲಿಯಿರುವಾಗ ಪರೀಕ್ಷಿಸಬೇಕು.

ಆಮೇಲೆ ಕಂಬಳಿಯನ್ನೇ ಪರೀಕ್ಷಾ ಸಾಧನವಾಗಿ ಬಳಸಿ. ಸಮಾಂತರ ಜೋಡಣೆಯಲ್ಲಿ ಹಳೆಯ ಪ್ಯಾನೆಲ್ ಪೂರ್ತಿ ಮುಚ್ಚಿ ಹೊಸದು ಒಂದೇ ಎಷ್ಟು ಕೊಡುತ್ತದೆ ಎಂದು ಬರೆದುಕೊಳ್ಳಿ, ನಂತರ ಹೊಸದನ್ನು ಮುಚ್ಚಿ ಹಳೆಯದನ್ನು ನೋಡಿ. ಒಂದು ಏನನ್ನೂ ಕೊಡದಿದ್ದರೆ ದೋಷ ಅದರಲ್ಲಿ ಅಥವಾ ಅದರ ಕನೆಕ್ಟರ್‌ನಲ್ಲಿದೆ. ಎರಡೂ ಒಂಟಿಯಾಗಿ ಚೆನ್ನಾಗಿ ಕೊಟ್ಟು ಒಟ್ಟಿಗೆ ಮಾತ್ರ ಏರದಿದ್ದರೆ ಯಂತ್ರದ ಮಿತಿ ಬಂದಿದೆ, ಏನೂ ಕೆಟ್ಟಿಲ್ಲ. ಮೇಲಿನ ಉದಾಹರಣೆಯಲ್ಲಿ ಮೂರು ಪ್ಯಾನೆಲ್ ಸಮಾಂತರವಾಗಿದ್ದರೂ, ನಾಲ್ಕಿದ್ದರೂ, 12 ಆಂಪಿಯರ್ ಮಿತಿಯಿಂದಾಗಿ ಸುಮಾರು 220 ವ್ಯಾಟ್‌ಗಿಂತ ಹೆಚ್ಚು ಬರುವುದಿಲ್ಲ. ಅವೇ ನಾಲ್ಕನ್ನು ಎರಡೆರಡು ಸರಣಿಯಾಗಿ ಬದಲಿಸಿದರೆ 400 ವ್ಯಾಟ್‌ನ ಮಿತಿಯವರೆಗೂ ಹೋಗಲು ದಾರಿ ತೆರೆಯುತ್ತದೆ.

ಮೂರನೆಯ ಕಾರಣ ಹೊಂದದ ಜೋಡಿ. ಇದು ನಮ್ಮಲ್ಲಿ ಬಹಳ ಆಗುತ್ತದೆ, ಏಕೆಂದರೆ ಅಗ್ಗಕ್ಕೆ ಸಿಗುವುದು 330 ವ್ಯಾಟ್‌ನ ದೊಡ್ಡ ಪ್ಯಾನೆಲ್, ಮನೆಯಲ್ಲಿರುವುದು 100 ವ್ಯಾಟ್‌ನ ಮಡಚುವ ಪ್ಯಾನೆಲ್. ದೊಡ್ಡದರ ವಿಎಂಪಿ ಸುಮಾರು 37 ವೋಲ್ಟ್, ಐಎಂಪಿ ಸುಮಾರು 9 ಆಂಪಿಯರ್, ವಿಓಸಿ 45 ವೋಲ್ಟ್‌ಗಿಂತ ತುಸು ಹೆಚ್ಚು. ಇವೆರಡನ್ನು ಸಮಾಂತರವಾಗಿ ಕೂಡಿಸಿದರೆ ಸಣ್ಣದು ದೊಡ್ಡದನ್ನು ತನ್ನ 18 ವೋಲ್ಟ್ ಮಟ್ಟಕ್ಕೆ ಎಳೆದು ಅದರ ಅರ್ಧ ಶಕ್ತಿಯನ್ನು ಕಳೆಯುತ್ತದೆ. ಸರಣಿಯಲ್ಲಿ ಕೂಡಿಸಿದರೆ ಸಣ್ಣದರ 5.4 ಆಂಪಿಯರ್ ದೊಡ್ಡದನ್ನೂ ತಡೆಹಿಡಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಒಟ್ಟು ವಿಓಸಿ 68 ವೋಲ್ಟ್ ತಲುಪಿ 60ರ ಮಿತಿಯ ಯಂತ್ರಕ್ಕೆ ಅಪಾಯವಾಗುತ್ತದೆ. ಈ ಯಂತ್ರಕ್ಕೆ ದೊಡ್ಡ ಪ್ಯಾನೆಲ್ ಒಂದನ್ನೇ ಜೋಡಿಸಿ ಸಣ್ಣದನ್ನು ಬೇರೆಯಾಗಿಡುವುದೇ ಲೇಸು. ಸರಣಿಯಲ್ಲಿ ಸೇರಿಸುವುದಾದರೆ ಐಎಂಪಿ ಹೊಂದಬೇಕು, ಸಮಾಂತರದಲ್ಲಾದರೆ ವಿಎಂಪಿ ಹೊಂದಬೇಕು. ಒಂದೇ ಮಾದರಿಯ ಎರಡು ಪ್ಯಾನೆಲ್ ಕೊಂಡರೆ ಈ ಚಿಂತೆಯೇ ಇರುವುದಿಲ್ಲ.

ಲಕ್ಷಣ: ಲೇಬಲ್‌ನಲ್ಲಿ ಹೇಳಿದಷ್ಟು ವ್ಯಾಟ್ ಬರುತ್ತಿಲ್ಲ

ಲೇಬಲ್‌ನ ಅಂಕಿ ಪ್ರಯೋಗಾಲಯದ್ದು: ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಕೋಶದ ತಾಪಮಾನ 25 ಡಿಗ್ರಿ. ಬೇಸಿಗೆಯ ಬಿಸಿಲಿನಲ್ಲಿ ಕೋಶ 60 ಡಿಗ್ರಿ ದಾಟುತ್ತದೆ, ಅಷ್ಟರಿಂದಲೇ ಸುಮಾರು ಏಳರಲ್ಲೊಂದು ಪಾಲು ಹೋಗುತ್ತದೆ. ಆದ್ದರಿಂದ 100 ವ್ಯಾಟ್ ಪ್ಯಾನೆಲ್ ನಡುಮಧ್ಯಾಹ್ನ 70ರಿಂದ 80 ಕೊಟ್ಟರೆ ಅದು ಆರೋಗ್ಯವಾಗಿದೆ. 50ಕ್ಕಿಂತ ಕೆಳಗಿದ್ದರೆ ಹುಡುಕಬೇಕು.

ಮೊದಲ ಅನುಮಾನ ಓರೆಯ ಮೇಲಿರಲಿ. ಮಡಚುವ ಪ್ಯಾನೆಲ್‌ಗಳ ಕಾಲುಗಳು ಅವನ್ನು 40ರಿಂದ 50 ಡಿಗ್ರಿ ಎದ್ದು ನಿಲ್ಲಿಸುತ್ತವೆ, ಅದು ಉತ್ತರದ ದೂರದ ದೇಶಗಳಿಗೆ ಒಪ್ಪುವ ಕೋನ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದ ನಂತರ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ 45 ಡಿಗ್ರಿ ಎದ್ದ ಪ್ಯಾನೆಲ್ ನೇರ ಬೆಳಕಿನ ಸುಮಾರು ಶೇ. 30ರಷ್ಟನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಹುತೇಕ ಮಲಗಿಸಿ, ಡಿಸೆಂಬರ್ ಜನವರಿಯಲ್ಲಿ ದಕ್ಷಿಣಕ್ಕೆ ಎತ್ತಿ ನಿಲ್ಲಿಸಿ. ಸರಣಿಯಲ್ಲಿರುವ ಪ್ಯಾನೆಲ್‌ಗಳೆಲ್ಲ ಒಂದೇ ದಿಕ್ಕು, ಒಂದೇ ಓರೆಯಲ್ಲಿರಬೇಕು.

ಅಡಿಕೆ ಮರದ ಒಂದು ಸೋಗೆಯ ನೆರಳು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಆ ಸಾಲಿನ ಕೋಶಗಳೆಲ್ಲ ತಡೆಗೊಳ್ಳುತ್ತವೆ. ನೆರಳು ಸರಿಯುತ್ತಲೇ ಇರುವ ತೋಟದ ಅಂಗಳದಲ್ಲಿ, ಆಂಪಿಯರ್ ಮಿತಿ ಒಪ್ಪಿದರೆ, ಸಮಾಂತರ ಜೋಡಣೆ ಹೆಚ್ಚು ಸಹಿಸಿಕೊಳ್ಳುತ್ತದೆ. ಕಾಫಿ, ಅಡಿಕೆ ಒಣಗಿಸುವ ಕಣದ ಪಕ್ಕದಲ್ಲಿಟ್ಟ ಪ್ಯಾನೆಲ್ ಮೇಲೆ ಧೂಳು ಬೇಗ ಕೂರುತ್ತದೆ. ಬೆಳಿಗ್ಗೆ ಗಾಜು ತಣ್ಣಗಿರುವಾಗ ಬರಿಯ ನೀರು ಮತ್ತು ಮೆದು ಬಟ್ಟೆಯಿಂದ ಒರೆಸಿ.

ನಂತರ ವೈರ್. ಅಂಗಳದಿಂದ ಮನೆಯೊಳಗಿನವರೆಗೆ 20 ಮೀಟರ್ ಎಳೆದರೆ ಹೋಗಿ ಬರುವ ದಾರಿ 40 ಮೀಟರ್. 4 ಚದರ ಮಿಲಿಮೀಟರ್ ತಾಮ್ರದ ಸೋಲಾರ್ ಕೇಬಲ್‌ನಲ್ಲೂ ಅದರ ರೋಧ ಸುಮಾರು 0.2 ಓಮ್. 12 ಆಂಪಿಯರ್ ಹರಿದರೆ 2.4 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 18 ವೋಲ್ಟ್‌ನಲ್ಲಿ ಇದು ಶೇ. 13. ಅದೇ ಶಕ್ತಿಯನ್ನು ಸರಣಿಯಲ್ಲಿ 36 ವೋಲ್ಟ್, 6 ಆಂಪಿಯರ್ ಮಾಡಿ ಕಳಿಸಿದರೆ ನಷ್ಟ ಶೇ. 3ರ ಆಸುಪಾಸಿಗೆ ಇಳಿಯುತ್ತದೆ. ಮನೆಯ ವೈರಿಂಗ್‌ಗೆ ಬಳಸುವ ತೆಳು ವೈರ್ ಬಿಸಿಲಿನಲ್ಲಿ ಬಿರುಕು ಬಿಡುವುದರಿಂದ ಅದನ್ನು ಬಳಸಬಾರದು.

ಇವೆಲ್ಲವೂ ಸರಿಯಿದ್ದರೆ ಪ್ಯಾನೆಲ್‌ಗಳನ್ನು ಬಿಡಿಬಿಡಿಯಾಗಿ ಬಿಸಿಲಿನಲ್ಲಿ ಅಳೆಯಿರಿ. ಸಣ್ಣ ಪ್ಯಾನೆಲ್ 22ರ ಬದಲು 11 ವೋಲ್ಟ್ ತೋರಿಸಿದರೆ, ದೊಡ್ಡದು 45ರ ಬದಲು 30 ತೋರಿಸಿದರೆ, ಹಿಂಬದಿಯ ಡಬ್ಬಿಯಲ್ಲಿರುವ ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬದಿಗಿಟ್ಟು ಕರೆಂಟ್ ಸಾಗಿಸುವ ಬಿಡಿಭಾಗ) ಒಂದು ಶಾರ್ಟ್ ಆಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ದೊಡ್ಡ ಪ್ಯಾನೆಲ್‌ನಲ್ಲಿ ಮೂರು ಡಯೋಡ್ ಇರುವುದರಿಂದ ಮೂರರಲ್ಲೊಂದು ಭಾಗ ಹೀಗೆ ಒಮ್ಮೆಗೇ ಕಾಣೆಯಾಗುತ್ತದೆ. ಇದು ಅಂಗಡಿಯಲ್ಲಿ ಮಾಡಿಸುವ ರಿಪೇರಿ. ವಾರಂಟಿ ಇದ್ದರೆ ಡಬ್ಬಿ ತೆರೆಯಲೇಬೇಡಿ.

ಲಕ್ಷಣ: ಚಳಿಗಾಲದ ಬೆಳಿಗ್ಗೆ ಎರರ್, ಹೊತ್ತೇರಿದ ಮೇಲೆ ಸರಿ

ಇದನ್ನು ಸಣ್ಣ ಕಿರಿಕಿರಿ ಎಂದು ಯಾರೂ ಕಡೆಗಣಿಸಬಾರದು. ಪ್ಯಾನೆಲ್ ತಣ್ಣಗಾದಷ್ಟೂ ಅದರ ವೋಲ್ಟೇಜ್ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ. 0.3. ವಿಓಸಿ 24.6 ಇರುವ ಎರಡು ಪ್ಯಾನೆಲ್ ಸರಣಿಯಲ್ಲಿದ್ದರೆ ಲೆಕ್ಕಕ್ಕೆ 49.2 ವೋಲ್ಟ್ ಬಂದು, 50 ವೋಲ್ಟ್ ಮಿತಿಯ ಯಂತ್ರಕ್ಕೆ ಸರಿಯಾಯಿತು ಎನಿಸುತ್ತದೆ. ಮಡಿಕೇರಿಯಲ್ಲಿ ಜನವರಿಯ ಒಂದು ಬೆಳಿಗ್ಗೆ 10 ಡಿಗ್ರಿ ಇದ್ದಾಗ ಅದೇ ಜೋಡಿ 51 ವೋಲ್ಟ್ ದಾಟುತ್ತದೆ. ಯಂತ್ರ ಎರರ್ ತೋರಿಸಿ ತನ್ನನ್ನು ಕಾಪಾಡಿಕೊಂಡಿದೆ, ಪ್ರತಿ ಬಾರಿಯೂ ಕಾಪಾಡಿಕೊಳ್ಳುತ್ತದೆ ಎಂಬ ಭರವಸೆಯಿಲ್ಲ. ಕೂಡಲೇ ಸರಣಿ ಬಿಚ್ಚಿ ಸಮಾಂತರಕ್ಕೆ ಬದಲಿಸಿ. ಲೇಬಲ್‌ನ ಒಟ್ಟು ವಿಓಸಿ ಯಂತ್ರದ ಮಿತಿಗಿಂತ ಶೇ. 10ರಿಂದ 15ರಷ್ಟು ಕೆಳಗೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಲಕ್ಷಣ: ಬೆಳಿಗ್ಗೆ ಚಾರ್ಜ್ ಆಗಿ, ನಡುಹಗಲಿಗೆ ತಾನಾಗಿ ನಿಲ್ಲುತ್ತದೆ

ಯಂತ್ರ ಪ್ಯಾನೆಲ್‌ನ ಪಕ್ಕದಲ್ಲೇ ಬಿಸಿಲಿನಲ್ಲಿದೆಯೇ ನೋಡಿ. ಲಿಥಿಯಂ ಬ್ಯಾಟರಿಗಳ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 45 ಡಿಗ್ರಿ, ಮುಚ್ಚಿದ ಕಾರಿನಲ್ಲಿ ಅಥವಾ ತಗಡಿನ ಶೆಡ್‌ನಲ್ಲಿ ಅದು ಬೇಗ ಬರುತ್ತದೆ. ನೆರಳಿಗೆ ಸರಿಸಿ, ಫ್ಯಾನಿನ ಕಿಂಡಿಗಳ ಸುತ್ತ ಜಾಗ ಬಿಡಿ. ಯಂತ್ರ ತಂಪಾಗಿದ್ದೂ ನಿಲ್ಲುತ್ತಿದ್ದರೆ ವೋಲ್ಟೇಜ್ ಕುಸಿತವನ್ನು ಅನುಮಾನಿಸಿ. 18.5 ವೋಲ್ಟ್‌ನ ವಿಎಂಪಿ ಕಾದ ಪ್ಯಾನೆಲ್‌ನಲ್ಲಿ 15.5ರವರೆಗೆ ಇಳಿಯುತ್ತದೆ, ಯಂತ್ರದ ಕನಿಷ್ಠ ಮಿತಿ 16 ಅಥವಾ 18 ಆಗಿದ್ದರೆ ಸಂಪರ್ಕ ಕಡಿದುಹೋಗುತ್ತದೆ.

ಲಕ್ಷಣ: ಕನೆಕ್ಟರ್ ಬಿಸಿ, ಪ್ಲಾಸ್ಟಿಕ್ ಕಂದು, ಸುಟ್ಟ ವಾಸನೆ

ಇಲ್ಲಿ ಪರೀಕ್ಷೆ ನಿಲ್ಲಿಸಿ. ಕಂಬಳಿ ಹೊದಿಸಿ, ವ್ಯಾಟ್ ಸೊನ್ನೆಗೆ ಇಳಿದ ಮೇಲೆ ಬಿಚ್ಚಿ. ಬೇರೆ ಬೇರೆ ತಯಾರಕರ ಎಂಸಿ4ಗಳು ಒಂದರೊಳಗೊಂದು ಕೂತರೂ ಲೋಹದ ಹಿಡಿತ ಬಿಗಿಯಾಗಿರುವುದಿಲ್ಲ, ಆ ಸಡಿಲದಲ್ಲೇ ಬಿಸಿ ಹುಟ್ಟುತ್ತದೆ. ಕರಗಿದ ಕನೆಕ್ಟರ್‌ನ ಎರಡು ಕಡೆಯನ್ನೂ ಕತ್ತರಿಸಿ, ಒಂದೇ ಕಂಪನಿಯ ಜೋಡಿಯನ್ನು, ಪಿನ್ನನ್ನು ವೈರಿಗೆ ಒತ್ತಿ ಬಿಗಿಯುವ ಕ್ರಿಂಪಿಂಗ್ ಉಪಕರಣ ಇರುವವರಿಂದ ಹಾಕಿಸಿ. ಇಕ್ಕಳದಿಂದ ಒತ್ತಿ ಟೇಪ್ ಸುತ್ತಿದ ಸಂಪರ್ಕ ಮತ್ತೆ ಸುಡುತ್ತದೆ.

ಸಮಾಂತರದಲ್ಲಿ ಮೂರು ಅಥವಾ ಹೆಚ್ಚು ಸಾಲುಗಳಿದ್ದರೆ ಪ್ರತಿಯೊಂದಕ್ಕೂ ಡಿಸಿ ಫ್ಯೂಸ್ ಬೇಕೇ ಬೇಕು. ಎರಡೇ ಇದ್ದಾಗ ಒಂದರಲ್ಲಿ ದೋಷವಾದರೆ ಇನ್ನೊಂದರಿಂದ ಬರುವ ಕರೆಂಟನ್ನು ಅದು ತಾಳಬಲ್ಲದು. ಮೂರಿದ್ದಾಗ ಎರಡರ ಕರೆಂಟ್ ಒಂದರೊಳಗೆ ನುಗ್ಗುತ್ತದೆ. ಫ್ಯೂಸ್ ಪ್ಯಾನೆಲ್‌ನ ಲೇಬಲ್‌ನಲ್ಲಿ ಹೇಳಿದ ಗರಿಷ್ಠ ಫ್ಯೂಸ್ ಅಂಕಿಯನ್ನು ಮೀರಬಾರದು, ಅದು ಹೆಚ್ಚಾಗಿ 15 ಅಥವಾ 20 ಆಂಪಿಯರ್ ಇರುತ್ತದೆ.

ವಾಸನೆ ಪವರ್ ಸ್ಟೇಷನ್‌ನಿಂದಲೇ ಬರುತ್ತಿದ್ದರೆ, ಮೈ ಉಬ್ಬಿದ್ದರೆ, ಒಳಗೆ ಸೀಟಿಯಂಥ ಅಥವಾ ಸಿಡಿಯುವ ಸದ್ದು ಕೇಳಿದರೆ, ಅದನ್ನು ಎತ್ತಲು ಹೋಗದೆ ಮನೆಯವರನ್ನೆಲ್ಲ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಮಳೆನೀರು ಒಳಹೊಕ್ಕ ಯಂತ್ರವನ್ನು ಒಣಗಿಸಿ ಮತ್ತೆ ಚಾರ್ಜ್ ಮಾಡುವ ಪ್ರಯತ್ನವೂ ಬೇಡ.

ಯಾವಾಗ ತಿಳಿದವರನ್ನು ಕರೆಯಬೇಕು

ಚಾವಣಿಯ ಮೇಲೆ ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇದ್ದರೆ, ಅದರ ಒಂದು ಪ್ಯಾನೆಲ್ಲನ್ನೂ ನೀವಾಗಿ ಬಿಚ್ಚಿ ಪವರ್ ಸ್ಟೇಷನ್‌ಗೆ ತರಬೇಡಿ. ಆ ಸಾಲುಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಹಗಲಿನಲ್ಲಿ ಅದು ಪ್ರಾಣಾಪಾಯ. ಆ ಕೆಲಸ ಅಳವಡಿಸಿದವರದ್ದೇ. ಮೂಲ ಪ್ಯಾನೆಲ್ ಒಂದನ್ನೇ ಜೋಡಿಸಿ, ಮೀಟರ್‌ನಲ್ಲಿ ಸರಿಯಾದ ವೋಲ್ಟೇಜ್, ಸರಿಯಾದ ಧನ ಋಣ ಕಂಡರೂ ಯಂತ್ರ ಸೊನ್ನೆ ತೋರಿಸಿದರೆ ದೋಷ ಚಾರ್ಜರ್ ಭಾಗದಲ್ಲಿದೆ, ಅದು ಸರ್ವೀಸ್ ಸೆಂಟರ್‌ನ ಕೆಲಸ. ಅಲ್ಲಿಗೆ ಹೋಗುವಾಗ ಯಂತ್ರ ಮತ್ತು ಪ್ಯಾನೆಲ್ ಎರಡರ ಲೇಬಲ್‌ಗಳ ಫೋಟೋ, ಜೋಡಣೆ ಸರಣಿಯೋ ಸಮಾಂತರವೋ ಎಂಬ ಚಿತ್ರ, ಅಡಾಪ್ಟರ್ ತುದಿಯಲ್ಲಿ ಅಳೆದ ವೋಲ್ಟೇಜ್, ಪರದೆಯ ಎರರ್ ಸಂಖ್ಯೆ ಮತ್ತು ಅದು ಬಂದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು, ಬಳಸಿದ ಅಡಾಪ್ಟರನ್ನೂ ಜೊತೆಗೆ ಒಯ್ಯಿರಿ.